ದರದ ಹಲಗೆ ಹೊರಗೆ, ಖಾತೆ ಪುಸ್ತಕ ಒಳಗೆ: ಜಾಲತಾಣವನ್ನು ಬ್ರೌಸರ್‌ನಲ್ಲಿಯೇ ನಿರ್ವಹಿಸುವ ಕ್ರಮ

ಮಂಡ್ಯದ ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ ಅಚ್ಚು ಬೆಲ್ಲಕ್ಕೆ ಒಂದು ದರವಿದ್ದರೆ ಕುರಿಕಟ್ಟಿಗೆ ಮತ್ತೊಂದು, ಬಾಕ್ಸ್ ಬೆಲ್ಲಕ್ಕೆ ಇನ್ನೊಂದು ದರವಿರುತ್ತದೆ. ಆಲೆಮನೆಗಳಿಂದ ಬರುವ ಮಾಲನ್ನು ಅನುಸರಿಸಿ ಇವು ದಿನದಿಂದ ದಿನಕ್ಕೆ ಏರಿಳಿಯುತ್ತವೆ. ಮಂಡಿಯ ಮುಂದಿನ ಕಪ್ಪು ಹಲಗೆಯ ಮೇಲಿನ ಅಂಕಿಯನ್ನು ಒರೆಸಿ ಹೊಸದನ್ನು ಬರೆಯಲು ಗುಮಾಸ್ತರಿಗೆ ಅರ್ಧ ನಿಮಿಷ ಸಾಕು. ಆದರೆ ಅಂತಹದೇ ಮಂಡಿಯೊಂದರ ಜಾಲತಾಣವನ್ನು ತೆರೆದರೆ ಅಲ್ಲಿ ಕಳೆದ ಯುಗಾದಿಯ ದರ, ಬಳಕೆಯಲ್ಲಿಲ್ಲದ ದೂರವಾಣಿ ಸಂಖ್ಯೆ, ಬಿಟ್ಟುಹೋದ ಪಾಲುದಾರರ ಹೆಸರು ಕಾಣಸಿಗುವುದು ಅಪರೂಪವೇನಲ್ಲ. ಹಲಗೆ ವರ್ತಕರ ಕೈಯಲ್ಲಿದೆ. ಜಾಲತಾಣ ಮಾತ್ರ ಅದನ್ನು ಮಾಡಿಕೊಟ್ಟವರ ಕೈಯಲ್ಲಿದೆ. ವ್ಯತ್ಯಾಸವಿರುವುದು ಇಲ್ಲಿಯೇ.

ಮೊದಲು ಇದರಿಂದ ಅಂತಹ ನಷ್ಟವೇನೂ ಆಗುತ್ತಿರಲಿಲ್ಲ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವವರೆಲ್ಲ ಮದ್ದೂರು ಮತ್ತು ಮಂಡ್ಯ ಪಟ್ಟಣಗಳ ನಡುವೆಯೇ ಹಾದುಹೋಗುತ್ತಿದ್ದರು. ಅಂಗಡಿಯ ನಾಮಫಲಕವೇ ಜಾಹೀರಾತಾಗಿತ್ತು. 2023ರ ಮಾರ್ಚ್ 12ರಂದು ದಶಪಥ ಹೆದ್ದಾರಿ ಉದ್ಘಾಟನೆಯಾದ ನಂತರ ಎರಡೂ ಪಟ್ಟಣಗಳಿಗೆ ಬೈಪಾಸ್ ಬಂದು ದೂರಪ್ರಯಾಣದ ವಾಹನಗಳು ಹೊರಗಿನಿಂದಲೇ ಸಾಗುತ್ತಿವೆ. ಗಿರಾಕಿ ಈಗ ಅಂಗಡಿಯನ್ನು ಕಿಟಕಿಯಿಂದ ನೋಡುವುದಿಲ್ಲ, ಮೊಬೈಲಿನಲ್ಲಿ ಹುಡುಕುತ್ತಾನೆ. ಹುಡುಕಿದಾಗ ಸಿಕ್ಕಿದ ದರ ಹಳೆಯದಾಗಿದ್ದರೆ ಅವನು ಫೋನ್ ಮಾಡಿ ವಿಚಾರಿಸುತ್ತಾನೆಂದು ನಂಬಿ ಕೂರುವಂತಿಲ್ಲ.

ಜಾಲತಾಣದ ಒಕ್ಕಣೆಯನ್ನು ಸರ್ವರ್‌ನಲ್ಲಿ ಅಲ್ಲದೆ ಬ್ರೌಸರ್‌ನಲ್ಲಿಯೇ ನಿರ್ವಹಿಸುವ ಕ್ರಮ ಈ ತೊಡಕಿಗೆ ಒಂದು ಪರಿಹಾರ. ಅದು ಏನು, ಎಲ್ಲಿಯವರೆಗೆ ನಂಬಬಹುದು, ಎಲ್ಲಿ ನಂಬಬಾರದು ಎಂಬುದನ್ನು ವ್ಯಾಪಾರದ ಲೆಕ್ಕಪತ್ರದ ದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ಉತ್ಪಾದನೆ ಎಲ್ಲಿ, ಸ್ವಿಚ್ ಎಲ್ಲಿ

ಸರ್ವರ್ ಎಂದರೆ ಜಾಲತಾಣದ ಕಡತಗಳನ್ನು ಇಟ್ಟುಕೊಂಡು, ಕೇಳಿದವರಿಗೆ ಹಗಲಿರುಳು ಕಳುಹಿಸುತ್ತಿರುವ ಗಣಕಯಂತ್ರ. ಅದು ಮುಂಬಯಿಯಲ್ಲಿರಬಹುದು, ಸಿಂಗಪುರದಲ್ಲಿರಬಹುದು. ಬ್ರೌಸರ್ ಎಂದರೆ ಆ ಕಡತಗಳನ್ನು ತರಿಸಿಕೊಂಡು ತೆರೆಯ ಮೇಲೆ ಪುಟವಾಗಿ ತೋರಿಸುವ ತಂತ್ರಾಂಶ. ಕ್ರೋಮ್, ಫೈರ್‌ಫಾಕ್ಸ್ ಮುಂತಾದವು ಎಲ್ಲರಿಗೂ ಪರಿಚಿತ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಉತ್ಪಾದನೆಯಾದ ವಿದ್ಯುತ್ತು 1902ರಲ್ಲಿಯೇ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ತಲುಪಿತು. ಯಂತ್ರಗಾರ ಶಿವನಸಮುದ್ರದಲ್ಲಿದ್ದರೂ ಸ್ವಿಚ್ ಗಣಿಯಲ್ಲಿತ್ತು. ದೀಪ ಹಾಕಬೇಕಾದಾಗಲೆಲ್ಲ ಶಿವನಸಮುದ್ರಕ್ಕೆ ಹೇಳಿಕಳುಹಿಸಬೇಕಾಗಿರಲಿಲ್ಲ. ಜಾಲತಾಣದ ವಿಷಯದಲ್ಲಿ ನಮ್ಮ ಅನೇಕ ವರ್ತಕರು ಇಂದಿಗೂ ಹೇಳಿಕಳುಹಿಸುತ್ತಲೇ ಇದ್ದಾರೆ.

ಹಳೆಯ ಪದ್ಧತಿಯಲ್ಲಿ ಪ್ರತಿಯೊಂದು ಪುಟವೂ ಸರ್ವರ್‌ನಲ್ಲಿರುವ ಒಂದು ಕಡತ. ಒಂದು ಅಂಕಿ ಬದಲಾಗಬೇಕಾದರೂ ತಂತ್ರಜ್ಞರು ಆ ಕಡತವನ್ನು ತಿದ್ದಿ ಮತ್ತೆ ಸರ್ವರ್‌ಗೆ ಏರಿಸಬೇಕು. ಅವರು ಬೆಂಗಳೂರಿಗೆ ಕೆಲಸಕ್ಕೆ ಹೋದರೆ ಅಥವಾ ಫೋನ್ ಎತ್ತದಿದ್ದರೆ ದರ ಹಾಗೆಯೇ ಉಳಿಯುತ್ತದೆ.

ಎರಡನೆಯ ಪದ್ಧತಿಯಲ್ಲಿ ಒಕ್ಕಣೆ ಸರ್ವರ್‌ನಲ್ಲಿಯೇ ಇರುತ್ತದೆ, ಆದರೆ ತಿದ್ದುವ ಕೆಲಸ ಬ್ರೌಸರ್ ಮೂಲಕ ನಡೆಯುತ್ತದೆ. 2003ರಲ್ಲಿ ಬಂದ ವರ್ಡ್‌ಪ್ರೆಸ್ ಈ ಬಗೆಯದು. ಗುಪ್ತಪದ ಕೊಟ್ಟು ಒಳಹೊಕ್ಕು, ಪತ್ರ ಬರೆದಂತೆ ಬರೆದು, ಪ್ರಕಟಿಸುವ ಗುಂಡಿಯನ್ನು ಒತ್ತಿದರೆ ಆಯಿತು. ಕನ್ನಡದಲ್ಲಿ ಇದಕ್ಕೆ ಉತ್ತಮ ನಿದರ್ಶನ ಅದೇ 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ. ‘ಸಂಪಾದಿಸಿ’ ಎಂಬುದನ್ನು ಒತ್ತಿ ಯಾರು ಬೇಕಾದರೂ ಬ್ರೌಸರ್‌ನಲ್ಲಿಯೇ ಲೇಖನ ತಿದ್ದಬಹುದು. ಯಾರು, ಎಂದು, ಏನನ್ನು ತಿದ್ದಿದರು ಎಂಬ ದಾಖಲೆ ಸರ್ವರ್‌ನಲ್ಲಿ ಉಳಿಯುತ್ತದೆ. ವರ್ತಕರಿಗೆ ಇನ್ನೂ ಹತ್ತಿರದ ನಿದರ್ಶನವೆಂದರೆ ಮಾರುಕಟ್ಟೆ ದರಗಳದು. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ 2000ದಲ್ಲಿ ಆರಂಭವಾಯಿತು. ರಾಜ್ಯದಲ್ಲಿ ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ಬಂದಿತು. ಎರಡರಲ್ಲಿಯೂ ತತ್ತ್ವ ಒಂದೇ: ದರ ಎಲ್ಲಿ ನಿಗದಿಯಾಗುತ್ತದೆಯೋ ಆ ಮಾರುಕಟ್ಟೆಯಲ್ಲಿ ಕುಳಿತವರೇ ಅದನ್ನು ತುಂಬುತ್ತಾರೆ, ದೇಶದ ಎಲ್ಲೆಡೆಯಲ್ಲಿ ಅದು ಕಾಣಿಸುತ್ತದೆ. ಸರ್ಕಾರಿ ಇಲಾಖೆಗಳು ಇಷ್ಟು ವರ್ಷಗಳಿಂದ ಮಾಡಿಕೊಂಡು ಬಂದಿರುವುದನ್ನು ಖಾಸಗಿ ವರ್ತಕರು ಮಾಡಿಕೊಳ್ಳದಿರುವುದಕ್ಕೆ ಉದಾಸೀನವಲ್ಲದೆ ಬೇರೆ ಕಾರಣ ತೋರುವುದಿಲ್ಲ.

ವರ್ಡ್‌ಪ್ರೆಸ್‌ನಂತಹವುಗಳಿಗೆ ಒಂದು ಹೊರೆಯುಂಟು. ಸರ್ವರ್‌ನಲ್ಲಿ ಒಂದು ದತ್ತಾಂಶ ಕೋಶ, ಅದನ್ನು ನಡೆಸುವ ತಂತ್ರಾಂಶ, ಅದರ ಮೇಲೆ ಹತ್ತಾರು ಪೂರಕ ತಂತ್ರಾಂಶಗಳು ಇರುತ್ತವೆ. ಇವನ್ನು ಆಗಾಗ ನವೀಕರಿಸದಿದ್ದರೆ ಕಳ್ಳರಿಗೆ ಬಾಗಿಲು ತೆರೆದಂತೆ. ಬೆಲ್ಲದ ಮಂಡಿಯ ಜಾಲತಾಣದಲ್ಲಿ ಬೆಳಗಾಗುವುದರೊಳಗೆ ಜೂಜಿನ ಜಾಹೀರಾತು ಕಾಣಿಸಿಕೊಳ್ಳುವುದು ಹೀಗೆಯೇ.

ಬ್ರೌಸರ್‌ನಲ್ಲಿಯೇ ಪುಟ ಕಟ್ಟುವುದು

ಮೂರನೆಯ ಪದ್ಧತಿಯೇ ಇಲ್ಲಿನ ಮುಖ್ಯ ವಿಷಯ. ಇದರಲ್ಲಿ ಸರ್ವರ್ ಕಳುಹಿಸುವುದು ಬರಿಯ ಚೌಕಟ್ಟು ಮತ್ತು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಸೂಚನೆಗಳನ್ನು ಮಾತ್ರ. ಗಿರಾಕಿಯ ಮೊಬೈಲಿನಲ್ಲಿರುವ ಬ್ರೌಸರ್ ಆ ಸೂಚನೆಯಂತೆ ಬೇರೊಂದೆಡೆ ಇರುವ ಪಟ್ಟಿಯನ್ನು ತರಿಸಿಕೊಂಡು, ಚೌಕಟ್ಟಿನೊಳಗೆ ತುಂಬಿ, ಪುಟವನ್ನು ಅಲ್ಲಿಯೇ ಕಟ್ಟುತ್ತದೆ. ಜಾವಾಸ್ಕ್ರಿಪ್ಟ್ 1995ರಲ್ಲಿ ನೆಟ್‌ಸ್ಕೇಪ್ ಬ್ರೌಸರ್‌ಗಾಗಿ ರಚಿತವಾದದ್ದು. 2004ರ ಜಿಮೇಲ್, 2005ರ ಗೂಗಲ್ ಮ್ಯಾಪ್ಸ್‌ಗಳಲ್ಲಿ ಈ ಕ್ರಮ ಜನಪ್ರಿಯವಾಯಿತು. 2004ರಲ್ಲಿಯೇ ಬಂದ ಟಿಡ್ಲಿವಿಕಿ ಎಂಬುದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು: ಒಕ್ಕಣೆ, ಅದನ್ನು ತಿದ್ದುವ ಸಾಧನ, ಹುಡುಕುವ ವ್ಯವಸ್ಥೆ ಎಲ್ಲವೂ ಒಂದೇ ಕಡತದಲ್ಲಿದ್ದು, ಬ್ರೌಸರ್ ಒಂದಿದ್ದರೆ ಸಾಕು, ಸರ್ವರ್‌ನ ಹಂಗೇ ಬೇಡ.

ಮಳವಳ್ಳಿಯಲ್ಲಿ ಅಕ್ಕಿ ಗಿರಣಿ ನಡೆಸುವ ಒಬ್ಬ ಉದ್ಯಮಿಯನ್ನು ಕಲ್ಪಿಸಿಕೊಳ್ಳಬಹುದು. ಅವರ ಜಾಲತಾಣದ ಚೌಕಟ್ಟನ್ನು ಒಮ್ಮೆ ಮಾಡಿಸಲಾಗಿದೆ. ದರಪಟ್ಟಿ ಮಾತ್ರ ಗೂಗಲ್ ಶೀಟ್ಸ್‌ನ ಒಂದು ಹಾಳೆಯಲ್ಲಿದೆ: ಅಕ್ಕಿಯ ತಳಿ, ಚೀಲದ ತೂಕ, ದರ, ತೆರಿಗೆ ಸೇರಿದೆಯೇ ಇಲ್ಲವೇ, ದಿನಾಂಕ. ಆ ಹಾಳೆಯನ್ನು ಜಾಲದಲ್ಲಿ ಪ್ರಕಟಿಸುವ ಸೌಲಭ್ಯ ಅದರಲ್ಲಿಯೇ ಇದೆ. ಬೆಳಿಗ್ಗೆ ಗಿರಣಿಯ ಗುಮಾಸ್ತರು ತಮ್ಮ ಮೊಬೈಲಿನಲ್ಲಿ ಹಾಳೆಯ ಅಂಕಿ ಬದಲಾಯಿಸಿದರೆ ಕೆಲವು ನಿಮಿಷಗಳಲ್ಲಿ ಜಾಲತಾಣದ ದರವೂ ಬದಲಾಗುತ್ತದೆ. ತಂತ್ರಜ್ಞರಿಗೆ ಫೋನ್ ಮಾಡಬೇಕಾಗಿಲ್ಲ. ಸರ್ವರ್‌ನಲ್ಲಿ ಕಳ್ಳರು ಒಡೆಯಬಹುದಾದ ದತ್ತಾಂಶ ಕೋಶವೂ ಇಲ್ಲ.

ತೆರಿಗೆ ದರ ಬದಲಾಗುವ ದಿನ ಇದರ ಬೆಲೆ ತಿಳಿಯುತ್ತದೆ. 2022ರ ಜುಲೈ 18ರಿಂದ, 25 ಕಿಲೋವರೆಗಿನ ಪೊಟ್ಟಣಗಳಲ್ಲಿ ಲೇಬಲ್ ಸಹಿತ ಮೊದಲೇ ಕಟ್ಟಿದ ಅಕ್ಕಿ, ಬೆಲ್ಲ ಮುಂತಾದವುಗಳ ಮೇಲೆ, ಬ್ರಾಂಡ್ ಇರಲಿ ಇಲ್ಲದಿರಲಿ, ಶೇ. 5 ಜಿಎಸ್‌ಟಿ ಬಂದಿತು. ಬಿಡಿಯಾಗಿ ಮಾರುವ ಮಾಲಿಗೆ ತೆರಿಗೆಯಿಲ್ಲ. ಅಂದಿನಿಂದ ಒಂದೇ ಅಕ್ಕಿಗೆ ಒಂದೇ ಪುಟದಲ್ಲಿ ಎರಡು ಬಗೆಯ ದರ ಬರೆಯಬೇಕಾಯಿತು. ಮತ್ತೆ 2025ರ ಸೆಪ್ಟೆಂಬರ್ 22ರಿಂದ ತುಪ್ಪ, ಬೆಣ್ಣೆ, ಪೊಟ್ಟಣದಲ್ಲಿ ಕಟ್ಟಿದ ಖಾರದ ತಿನಿಸುಗಳ ತೆರಿಗೆ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ಅಂದು ಬೆಳಿಗ್ಗೆ ಹಳೆಯ ತೆರಿಗೆ ಸೇರಿಸಿದ ದರವನ್ನೇ ಜಾಲತಾಣದಲ್ಲಿ ಉಳಿಸಿಕೊಂಡ ವರ್ತಕರು, ತೆರಿಗೆ ಇಳಿಕೆಯ ಲಾಭವನ್ನು ಗಿರಾಕಿಗೆ ಕೊಡಲಿಲ್ಲವೆಂಬ ಆಕ್ಷೇಪಕ್ಕೆ ತಾವಾಗಿಯೇ ಸಾಕ್ಷ್ಯ ಒದಗಿಸಿದಂತಾಯಿತು.

ಬ್ರೌಸರ್‌ಗೆ ಹೋದದ್ದು ಬೀದಿಗೆ ಹೋದಂತೆ

ಈ ಪದ್ಧತಿಯಲ್ಲಿ ತಪ್ಪು ತಿಳಿವಳಿಕೆಯಿಂದ ಆಗುವ ಹಾನಿಯೇ ಹೆಚ್ಚು. ಆದ್ದರಿಂದ ಇದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕಾಗಿದೆ.

ಪುಟವನ್ನು ಬ್ರೌಸರ್ ಕಟ್ಟುವುದಾದರೆ ನೋಡುವವರು ಅದನ್ನು ಬದಲಾಯಿಸಿಬಿಡಬಹುದಲ್ಲವೇ ಎಂಬುದು ಅನೇಕರ ಮೊದಲ ಸಂಶಯ. ಬದಲಾಯಿಸಬಹುದು; ಆದರೆ ಅವರ ತೆರೆಯ ಮೇಲೆ ಮಾತ್ರ. ಮನೆಗೆ ಬಂದ ಪತ್ರಿಕೆಯ ಮೇಲೆ ಒಬ್ಬರು ಗೀಚಿದರೆ ಊರಿನವರ ಪತ್ರಿಕೆಯೆಲ್ಲ ಕೆಡುವುದಿಲ್ಲ. ಮೂಲ ಹಾಳೆಯನ್ನು ತಿದ್ದುವ ಅಧಿಕಾರ ಯಾರಿಗೆ ಕೊಡಲಾಗಿದೆಯೋ ಅವರಿಗಷ್ಟೇ ಇರುತ್ತದೆ, ಆ ಅಧಿಕಾರವನ್ನು ಪರೀಕ್ಷಿಸುವುದು ಸರ್ವರ್.

ನಿಜವಾದ ಅಪಾಯ ಬೇರೆ. ಬ್ರೌಸರ್‌ಗೆ ಕಳುಹಿಸಿದ ಯಾವುದನ್ನೂ ಗುಟ್ಟಾಗಿಡಲು ಸಾಧ್ಯವಿಲ್ಲ. ತೆರೆಯ ಮೇಲೆ ಕಾಣದಂತೆ ಮರೆಮಾಡಿದ್ದರೂ, ಪುಟದ ಮೂಲವನ್ನು ತೆರೆದು ಓದುವುದು ಕಾಲೇಜು ಹುಡುಗರಿಗೂ ಗೊತ್ತು. ಮೇಲಿನ ಗಿರಣಿಯ ಹಾಳೆಯಲ್ಲಿ ಮಾರಾಟ ದರದ ಪಕ್ಕದ ಅಂಕಣದಲ್ಲಿ ಭತ್ತದ ಖರೀದಿ ದರವನ್ನೂ ಬರೆದಿಟ್ಟರೆ, ಜಾಲತಾಣ ಅದನ್ನು ತೋರಿಸದಿದ್ದರೂ ಪ್ರಕಟವಾದ ಹಾಳೆಯಲ್ಲಿ ಅದು ಇದ್ದೇ ಇರುತ್ತದೆ. ಒಂದು ಹಾಳೆಯ ಬದಲು ಇಡೀ ಕಡತವನ್ನು ಪ್ರಕಟಿಸಿದರಂತೂ ಸಾಲಗಾರರ ಪಟ್ಟಿಯ ಹಾಳೆಯೂ ಹೊರಗೆ ಹೋಗುತ್ತದೆ. ಸಗಟು ಗಿರಾಕಿಗೆ ಕೊಡುವ ವಿಶೇಷ ರಿಯಾಯಿತಿ, ಕಮಿಷನ್ನಿನ ಶೇಕಡಾವಾರು, ಪಾವತಿ ಸಂಸ್ಥೆಯ ಗುಪ್ತ ಕೀಲಿ ಇವು ಯಾವುವೂ ಬ್ರೌಸರ್‌ಗೆ ಹೋಗಬಾರದು. ದರಪಟ್ಟಿಗೆ ಪ್ರತ್ಯೇಕ ಕಡತವನ್ನೇ ಮಾಡಿ, ಅದರಲ್ಲಿ ಹಲಗೆಯ ಮೇಲೆ ಬರೆಯಬಹುದಾದದ್ದನ್ನು ಬಿಟ್ಟು ಬೇರೇನನ್ನೂ ಇಡದಿರುವುದು ಸುರಕ್ಷಿತ.

ಹಣದ ಲೆಕ್ಕದಲ್ಲಿ ಇದಕ್ಕಿಂತ ಗಂಭೀರವಾದ ದೋಷವೊಂದಿದೆ. ಗಿರಾಕಿ ಹತ್ತು ಚೀಲ ಆಯ್ದುಕೊಂಡಾಗ ಒಟ್ಟು ಮೊತ್ತವನ್ನು ಬ್ರೌಸರ್ ಲೆಕ್ಕ ಹಾಕಿ ತೋರಿಸಬಹುದು, ಅದು ಅನುಕೂಲ. ಆದರೆ ಅದೇ ಮೊತ್ತವನ್ನು ನಂಬಿ ಹಣ ಸ್ವೀಕರಿಸಬಾರದು. ಗಿರಾಕಿ ತನ್ನ ಬ್ರೌಸರ್‌ನಲ್ಲಿ 15,000 ರೂಪಾಯಿ ಇರುವಲ್ಲಿ 15 ಎಂದು ತಿದ್ದಿ ಕಳುಹಿಸಿದರೆ, ಸರ್ವರ್ ಮರುಲೆಕ್ಕ ಹಾಕದಿದ್ದಲ್ಲಿ 15 ರೂಪಾಯಿಗೆ ರಸೀದಿ ಹೋಗುತ್ತದೆ. ಇದು ಅಂತರಜಾಲ ವ್ಯಾಪಾರದಷ್ಟೇ ಹಳೆಯ ಮೋಸ. ಗಿರಾಕಿ ತಾನೇ ಕೂಡಿ ತಂದ ಚೀಟಿಯನ್ನು ಗುಮಾಸ್ತರು ಮತ್ತೊಮ್ಮೆ ಕೂಡಿ ನೋಡುವಂತೆ, ದರ ಮತ್ತು ಮೊತ್ತವನ್ನು ಸರ್ವರ್ ತನ್ನ ಪಟ್ಟಿಯಿಂದಲೇ ಲೆಕ್ಕ ಹಾಕಬೇಕು. ಜಾಲತಾಣ ಮಾಡಿಕೊಡುವವರನ್ನು ಬಣ್ಣ, ಚಿತ್ರಗಳ ಬಗ್ಗೆ ಕೇಳುವ ಮೊದಲು ಈ ಒಂದು ಪ್ರಶ್ನೆ ಕೇಳುವುದು ಉಚಿತ.

ಬ್ರೌಸರ್ ತನ್ನಲ್ಲಿಯೇ ಒಂದಿಷ್ಟು ವಿಷಯವನ್ನು ಸಂಗ್ರಹಿಸಿಡಬಲ್ಲದು. ಗಿರಾಕಿ ಅರ್ಧ ತುಂಬಿದ ಬೇಡಿಕೆ ಪಟ್ಟಿಯನ್ನು ನೆನಪಿಟ್ಟುಕೊಳ್ಳಲು ಇದು ಸಾಕು. ಬಂದ ಬೇಡಿಕೆಗಳನ್ನು ಅಂಗಡಿಯ ಗಣಕಯಂತ್ರದ ಬ್ರೌಸರ್‌ನಲ್ಲಿಯೇ ಉಳಿಸಿಕೊಳ್ಳುವ ಅಗ್ಗದ ವ್ಯವಸ್ಥೆಗಳು ಮಾತ್ರ ಬೇಡ. ಬ್ರೌಸರ್‌ನ ಸಂಗ್ರಹವನ್ನು ಯಾರೋ ಅಳಿಸಿದರೆ ಅಥವಾ ಯಂತ್ರ ಕೆಟ್ಟರೆ ದಾಖಲೆ ಹೋಯಿತು. ಜಿಎಸ್‌ಟಿ ಕಾಯಿದೆಯ 36ನೆಯ ಕಲಮಿನ ಪ್ರಕಾರ ಲೆಕ್ಕಪತ್ರಗಳನ್ನು ಆ ವರ್ಷದ ವಾರ್ಷಿಕ ವಿವರಣೆ ಸಲ್ಲಿಸಲು ನಿಗದಿಯಾದ ದಿನದಿಂದ 72 ತಿಂಗಳು ಕಾಪಾಡಬೇಕು. ಕಂಪನಿಗಳ ಮೇಲೆ ಹೊಣೆ ಇನ್ನೂ ಹೆಚ್ಚು. 2022ರ ತಿದ್ದುಪಡಿಯ ನಂತರ ಗಣಕೀಕೃತ ಲೆಕ್ಕಪುಸ್ತಕಗಳ ಪ್ರತಿಯನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನ ಇಡಬೇಕು. 2023ರ ಏಪ್ರಿಲ್ 1ರಿಂದ ಲೆಕ್ಕದ ತಂತ್ರಾಂಶದಲ್ಲಿ ಪ್ರತಿಯೊಂದು ತಿದ್ದುಪಡಿಯ ಜಾಡೂ ಉಳಿಯಬೇಕು. ‘ಬ್ರೌಸರ್‌ನಿಂದ ಅಳಿಸಿಹೋಯಿತು’ ಎಂಬ ಉತ್ತರವನ್ನು ಯಾವ ಅಧಿಕಾರಿಯೂ ಒಪ್ಪುವುದಿಲ್ಲ.

ಹೀಗಾಗಿ ಗಡಿ ಎಲ್ಲಿ ಹಾಕಬೇಕೆಂಬುದು ಮಂಡಿಯಲ್ಲಿ ಕುಳಿತವರಿಗೆ ಹೇಳಿಕೊಡಬೇಕಾದ ವಿಷಯವೇನಲ್ಲ. ದರ, ದಾಸ್ತಾನು, ರಜೆಯ ಸೂಚನೆ, ಮಾಲಿನ ಚಿತ್ರ, ವಿಳಾಸ ಇವು ಹಲಗೆ, ಬ್ರೌಸರ್‌ನಲ್ಲಿ ನಿರ್ವಹಿಸಬಹುದು. ಬೇಡಿಕೆ, ಬಿಲ್ಲು, ಜಮೆ, ಗಿರಾಕಿಯ ವಿಳಾಸ ಮತ್ತು ಫೋನ್ ಸಂಖ್ಯೆ ಇವು ಕಿರ್ದಿ ಮತ್ತು ಖಾತೆ. ಸರ್ವರ್‌ನಲ್ಲಿಯೇ, ಬೀಗದೊಳಗೆ ಇರಬೇಕು.

ಚೌಕಟ್ಟಿನಲ್ಲಿಯೇ ಬರೆಯಬೇಕಾದದ್ದು

ಎಲ್ಲವನ್ನೂ ಬ್ರೌಸರ್ ತುಂಬಲಿ ಎಂದು ಬಿಟ್ಟರೆ ಮತ್ತೊಂದು ತೊಂದರೆ. ಹಲಗೂರಿನ ಆಚೆ ಮೊಬೈಲ್ ಸಂಕೇತ ಕುಗ್ಗಿದಾಗ ಪಟ್ಟಿ ಬಾರದೆ ಪುಟ ಖಾಲಿಯಾಗಿ ಕಾಣಬಹುದು. ಗೂಗಲ್‌ನ ಶೋಧಯಂತ್ರ ಜಾವಾಸ್ಕ್ರಿಪ್ಟನ್ನು ನಡೆಸಿ ಓದಬಲ್ಲದಾದರೂ ಎಲ್ಲ ಶೋಧಯಂತ್ರಗಳೂ ಅಷ್ಟು ಶ್ರಮ ತೆಗೆದುಕೊಳ್ಳುವುದಿಲ್ಲ. ವಾಟ್ಸಾಪ್‌ನಲ್ಲಿ ಕೊಂಡಿ ಕಳುಹಿಸಿದಾಗ ಕಾಣುವ ಹೆಸರು, ಚಿತ್ರಗಳೂ ಸರ್ವರ್ ಕಳುಹಿಸುವ ಮೂಲ ಪುಟದಿಂದಲೇ ಬರುತ್ತವೆ. ಆದ್ದರಿಂದ ಸಂಸ್ಥೆಯ ಹೆಸರು, ವಿಳಾಸ, ದೂರವಾಣಿ, ಮಾಲಿನ ಹೆಸರುಗಳು ಚೌಕಟ್ಟಿನಲ್ಲಿಯೇ ಅಚ್ಚಾಗಿರಲಿ; ಏರಿಳಿಯುವ ಅಂಕಿಗಳು ಮಾತ್ರ ಹಾಳೆಯಿಂದ ಬರಲಿ.

ಕಾನೂನೂ ಕೆಲವನ್ನು ಕಡ್ಡಾಯ ಮಾಡಿದೆ. ಜಾಲತಾಣವಿರುವ ಕಂಪನಿ ತನ್ನ ಹೆಸರು, ನೋಂದಾಯಿತ ಕಚೇರಿಯ ವಿಳಾಸ, ಕಂಪನಿ ಗುರುತಿನ ಸಂಖ್ಯೆ, ದೂರವಾಣಿ, ಇಮೇಲ್, ದೂರುಗಳಿಗೆ ಸಂಪರ್ಕಿಸಬೇಕಾದವರ ಹೆಸರನ್ನು ಮುಖಪುಟದಲ್ಲಿಯೇ ಪ್ರಕಟಿಸಬೇಕೆಂದು 2014ರ ಕಂಪನಿಗಳ ಸ್ಥಾಪನೆಯ ನಿಯಮಗಳ 26ನೆಯ ನಿಯಮ ಹೇಳುತ್ತದೆ. ಗೆಜ್ಜಲಗೆರೆ, ಸೋಮನಹಳ್ಳಿ ಕೈಗಾರಿಕಾ ಪ್ರದೇಶಗಳ ಸಣ್ಣ ಖಾಸಗಿ ಕಂಪನಿಗಳೂ ಇದಕ್ಕೆ ಹೊರತಲ್ಲ. ಅಂತರಜಾಲದಲ್ಲಿ ಪೊಟ್ಟಣದ ಸರಕು ಮಾರುವವರು 2018ರ ಜನವರಿ 1ರಿಂದ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ ಮುಂತಾದ ವಿವರಗಳನ್ನು ತೆರೆಯ ಮೇಲೂ ತೋರಿಸಬೇಕಾಗಿದೆ. ತಯಾರಿಕೆಯ ತಿಂಗಳು-ವರ್ಷಕ್ಕೆ ಮಾತ್ರ ವಿನಾಯಿತಿ. 2020ರ ಗ್ರಾಹಕ ಸಂರಕ್ಷಣಾ ಇ-ವಾಣಿಜ್ಯ ನಿಯಮಗಳಂತೆ ದೂರು ಬಂದ 48 ಗಂಟೆಗಳೊಳಗೆ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು.

ಕನ್ನಡದಲ್ಲಿ ಒಕ್ಕಣೆ ಬರೆಯುವವರಿಗೆ ಒಂದು ಎಚ್ಚರಿಕೆ. ಹಳೆಯ ನುಡಿ ಅಥವಾ ಬರಹದ ಫಾಂಟುಗಳಲ್ಲಿ ಬೆರಳಚ್ಚಿಸಿದ ದರಪಟ್ಟಿಯನ್ನು ಹಾಗೆಯೇ ನಕಲು ಮಾಡಿ ಅಂಟಿಸಿದರೆ ಗಿರಾಕಿಗೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದಲೂ ಇದೆ. ಅದರಲ್ಲಿಯೇ ಬೆರಳಚ್ಚಿಸಬೇಕು ಅಥವಾ ಪರಿವರ್ತಕದಿಂದ ಬದಲಾಯಿಸಿಕೊಳ್ಳಬೇಕು. ಯೂನಿಕೋಡ್‌ನಲ್ಲಿರುವ ‘ಕುರಿಕಟ್ಟು ಬೆಲ್ಲ’ ಎಂಬುದನ್ನು ಗೂಗಲ್ ಹುಡುಕಿಕೊಡುತ್ತದೆ, ಹಳೆಯ ಫಾಂಟಿನಲ್ಲಿರುವುದನ್ನಲ್ಲ.

ಖರ್ಚು ಮತ್ತು ತೆರಿಗೆ

ಈ ಪದ್ಧತಿಯಲ್ಲಿ ಸರ್ವರ್‌ನ ಬಾಡಿಗೆ ಕಡಿಮೆ. ಚೌಕಟ್ಟಿನ ಕಡತಗಳನ್ನಷ್ಟೇ ಇಡಲು ದುಬಾರಿ ವ್ಯವಸ್ಥೆ ಬೇಡ. ಆದರೆ ವಿದೇಶೀ ಸಂಸ್ಥೆಯಿಂದ ನೇರವಾಗಿ ಸೇವೆ ಪಡೆಯುವವರು ಒಂದನ್ನು ಮರೆಯುತ್ತಾರೆ. ಜಿಎಸ್‌ಟಿ ನೋಂದಣಿ ಸಂಖ್ಯೆ ಕೊಟ್ಟಾಗ ಆ ಸಂಸ್ಥೆ ತೆರಿಗೆ ಹಾಕದೆ ಬಿಲ್ಲು ಮಾಡುತ್ತದೆ. ಅದನ್ನು ಲಾಭವೆಂದು ತಿಳಿಯಬಾರದು. ಸೇವೆಯ ಆಮದಿನ ಮೇಲೆ ಖರೀದಿದಾರರೇ ತೆರಿಗೆ ಕಟ್ಟಬೇಕು. ವರ್ಷಕ್ಕೆ 12,000 ರೂಪಾಯಿ ಕೊಟ್ಟರೆ ಶೇ. 18ರಂತೆ 2,160 ರೂಪಾಯಿಯನ್ನು ಸ್ವಯಂ ಬಿಲ್ಲು ಮಾಡಿ, ನಗದು ಖಾತೆಯಿಂದಲೇ ಕಟ್ಟಬೇಕು. ತೆರಿಗೆಗೆ ಒಳಪಡುವ ಸರಕನ್ನು ಮಾರುವವರು ಅಷ್ಟನ್ನೂ ಹೂಡುವಳಿ ತೆರಿಗೆಯಾಗಿ ಮರಳಿ ಪಡೆಯುತ್ತಾರೆ. ರಾಜಿ ತೆರಿಗೆ ಯೋಜನೆಯಲ್ಲಿರುವವರಿಗೆ ಅದು ಮರಳುವುದಿಲ್ಲ, ಖರ್ಚೇ ಆಗುತ್ತದೆ. ಮೊತ್ತ ಸಣ್ಣದು ನಿಜ. ಆದರೆ ಬ್ಯಾಂಕ್ ಕಾರ್ಡಿನ ವಿವರಣೆಯಲ್ಲಿ ವಿದೇಶೀ ಪಾವತಿ ಎದ್ದು ಕಾಣುವುದರಿಂದ ತನಿಖೆಯಲ್ಲಿ ಮೊದಲು ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದಾಗಬಹುದು.

ಜಾಲತಾಣದ ಹೆಸರನ್ನು ಮಾಡಿಕೊಟ್ಟವರು ತಮ್ಮ ಹೆಸರಿನಲ್ಲಿಯೇ ಖರೀದಿಸಿಟ್ಟಿರುವುದೂ ಉಂಟು. ಆಗ ಬಿಲ್ಲು ಸಂಸ್ಥೆಯ ಹೆಸರಿನಲ್ಲಿ ಇಲ್ಲದ್ದರಿಂದ ತೆರಿಗೆ ಮರಳುವುದಿಲ್ಲ. ಮನಸ್ತಾಪ ಬಂದರೆ ಹೆಸರೂ ಮರಳುವುದಿಲ್ಲ. ಹೆಸರಿನ ನೋಂದಣಿ, ಸರ್ವರ್‌ನ ಖಾತೆ, ದರಪಟ್ಟಿಯ ಹಾಳೆ ಈ ಮೂರೂ ಸಂಸ್ಥೆಯ ಇಮೇಲ್ ವಿಳಾಸದಲ್ಲಿರಬೇಕೇ ಹೊರತು ಗುಮಾಸ್ತರ ಸ್ವಂತ ಇಮೇಲಿನಲ್ಲಿ ಅಲ್ಲ. ಗುಮಾಸ್ತರಿಗೆ ತಿದ್ದುವ ಅಧಿಕಾರವನ್ನಷ್ಟೇ ಕೊಡಬಹುದು. ಅವರು ಕೆಲಸ ಬಿಟ್ಟ ದಿನವೇ ಅದನ್ನು ತೆಗೆಯಬಹುದು. ಮಾರ್ಚ್ 31ರಂದು ದಾಸ್ತಾನು ಪಟ್ಟಿಯ ಜೊತೆಗೆ ಅಂದಿನ ದರಪಟ್ಟಿಯ ಒಂದು ಪ್ರತಿಯನ್ನೂ ಮುದ್ರಿಸಿ, ಸಹಿ ಮಾಡಿ ಕಡತದಲ್ಲಿಟ್ಟರೆ ಲೆಕ್ಕ ತಪಾಸಣೆಯ ವೇಳೆ ದಾಸ್ತಾನಿನ ಮೌಲ್ಯವನ್ನು ಅದರೊಡನೆ ತಾಳೆ ನೋಡಲು ಬರುತ್ತದೆ.